ಲೆಕ್ಕಕ್ಕುಂಟು, ಹೊತ್ತಿಗಿಲ್ಲ: ಟೆರೇಸಿನಲ್ಲಿ ಸೋಲಾರ್ ಇರುವಾಗ ಕೈಗಾ ಯಾಕೆ?

ಪ್ರಶ್ನೆ: ನಮ್ಮದು ಡೊಂಬಿವಲಿ ಪೂರ್ವದಲ್ಲಿ 200 ಮನೆಗಳ ಸೊಸೈಟಿ. ಕಳೆದ ವರ್ಷ ಟೆರೇಸಿನ ಮೇಲೆ 60 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಲಿಫ್ಟು, ಪಂಪು, ಮೆಟ್ಟಿಲ ದೀಪಗಳ ಕಾಮನ್ ಬಿಲ್ಲು ಹೆಚ್ಚುಕಡಿಮೆ ಸೊನ್ನೆಗೆ ಇಳಿದಿದೆ. ನಮ್ಮ ಮೂಲ ಕಾರವಾರದ ಕಡೆ. ಊರಿಗೆ ಹೋದಾಗಲೆಲ್ಲ ಕೈಗಾದ 5 ಮತ್ತು 6ನೇ ಘಟಕಗಳದೇ ಮಾತು. ಸೋಲಾರ್ ಇಷ್ಟು ಅಗ್ಗವಾಗಿರುವಾಗ ಅಷ್ಟು ದುಡ್ಡು ಸುರಿದು ಅಣುಸ್ಥಾವರ ಕಟ್ಟುವುದು ಯಾಕೆ? ಬಿಸಿಲು, ಗಾಳಿ, ಬ್ಯಾಟರಿಯಲ್ಲೇ ಸಾಗಿಸಲು ಆಗುವುದಿಲ್ಲವೇ? ಇನ್ನೊಂದು ಮಾತು: ಸೊಸೈಟಿಗೆ ದೊಡ್ಡ ಬ್ಯಾಟರಿ ಹಾಕಿಸಿ ಎಂದು ಕೊಟೇಶನ್ ಬಂದಿದೆ. ಹಾಕಿಸಬಹುದೇ?

ಉತ್ತರ: ನಿಮ್ಮ ಕಾಮನ್ ಮೀಟರಿನಿಂದಲೇ ಶುರು ಮಾಡೋಣ. ದೇಶದ ಮಟ್ಟದ ಜಗಳವೆಲ್ಲ ಆ ಮೀಟರಿನೊಳಗೆ ಅಡಗಿದೆ.

ಮುಂಬಯಿ ಸುತ್ತಮುತ್ತ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ನಿಮ್ಮ 60 ಕಿಲೋವ್ಯಾಟಿಗೆ ದಿನಕ್ಕೆ 240, ತಿಂಗಳಿಗೆ 7,200 ಯೂನಿಟ್ ಆಯಿತು. ನಿಮ್ಮಷ್ಟು ದೊಡ್ಡ ಸೊಸೈಟಿಯ ಕಾಮನ್ ಬಳಕೆಯೂ ಸುಮಾರು ಅಷ್ಟೇ ಇರುವುದರಿಂದ ಬಿಲ್ಲು ಸೊನ್ನೆಗೆ ಬಂದಿದೆ. ಆದರೆ ಆ 240 ಯೂನಿಟ್ ಹುಟ್ಟುವುದು ಬೆಳಿಗ್ಗೆ 8ರಿಂದ ಸಂಜೆ 5ರ ಒಳಗೆ, ಅದರಲ್ಲೂ ಹೆಚ್ಚಿನದು 11ರಿಂದ 2ರ ನಡುವೆ. ಲಿಫ್ಟು ಬಿಡುವಿಲ್ಲದೆ ಓಡುವುದು ಬೆಳಿಗ್ಗೆ ಲೋಕಲ್ ಹಿಡಿಯುವ ಹೊತ್ತಿಗೆ ಮತ್ತು ಸಂಜೆ 7ರ ಮೇಲೆ. ದೀಪ ಉರಿಯುವುದು ರಾತ್ರಿ. ಹಾಗಾಗಿ ನಡುಹಗಲಿನ ನಿಮ್ಮ ಯೂನಿಟ್ಟುಗಳು ವಿದ್ಯುತ್ ಕಂಪನಿಯಾದ ಮಹಾವಿತರಣದ ತಂತಿಗೆ ಹೋಗುತ್ತವೆ, ಸಂಜೆ ಅದೇ ತಂತಿಯಿಂದ ಬೇರೆ ಯೂನಿಟ್ಟುಗಳು ಬರುತ್ತವೆ. ನೆಟ್ ಮೀಟರ್ ಎರಡನ್ನೂ ಕಳೆದು ಸಮ ಮಾಡುತ್ತದೆ.

ಬಿಲ್ಲಿನಲ್ಲಿ ಲೆಕ್ಕ ಚುಕ್ತಾ ಆಯಿತು. ತಂತಿಯಲ್ಲಿ ಆಗಲಿಲ್ಲ. ವಿದ್ಯುತ್ತು ಬಳಸುವ ಕ್ಷಣಕ್ಕೇ ಹುಟ್ಟಬೇಕು. ರಾತ್ರಿ 8 ಗಂಟೆಗೆ ನಿಮ್ಮ ಲಿಫ್ಟನ್ನು ಎತ್ತಿದ ಯೂನಿಟ್ ಅದೇ ಕ್ಷಣ ಎಲ್ಲೋ ಹುಟ್ಟಿದ್ದು, ಇವತ್ತಿನ ಮಹಾರಾಷ್ಟ್ರದಲ್ಲಿ ಬಹುಪಾಲು ಚಂದ್ರಪುರ, ಕೊರಾಡಿಯಂಥ ಕಲ್ಲಿದ್ದಲು ಸ್ಥಾವರಗಳಲ್ಲಿ. ನಿಮ್ಮ ಮಧ್ಯಾಹ್ನದ ಯೂನಿಟ್ ಲೆಕ್ಕಕ್ಕುಂಟು, ಆ ಹೊತ್ತಿಗಿಲ್ಲ. ಇದು ನೀವು ಮಾಡಿದ ಕೆಲಸವನ್ನು ಸಣ್ಣದು ಮಾಡುವ ಮಾತಲ್ಲ. ನಿಮ್ಮ ಒಂದೊಂದು ಯೂನಿಟ್ಟೂ ಹಗಲಿನಲ್ಲಿ ಎಲ್ಲೋ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯುವುದನ್ನು ತಪ್ಪಿಸಿದೆ. ಉಳಿದಿರುವ ಪ್ರಶ್ನೆ ರಾತ್ರಿಯದು.

ನಡುರಾತ್ರಿ 3 ಗಂಟೆಗೆ ನಿಮ್ಮ ಕಟ್ಟಡದಲ್ಲಿ ಏನು ಓಡುತ್ತಿರುತ್ತದೆ ಎಂದು ನೋಡಿ. 200 ಫ್ರಿಜ್ಜು, ಫ್ಯಾನುಗಳು, ಒಂದಷ್ಟು ಎಸಿ, ರೌಟರುಗಳು, ಗೇಟಿನ ದೀಪ. ಮನೆಯೊಂದಕ್ಕೆ ಸರಾಸರಿ 150ರಿಂದ 200 ವ್ಯಾಟ್ ಹಿಡಿದರೂ 30–40 ಕಿಲೋವ್ಯಾಟ್ ಆಗುತ್ತದೆ. ಯಾವ ದಿನವೂ, ಯಾವ ಗಳಿಗೆಯಲ್ಲೂ ಬಳಕೆ ಇದಕ್ಕಿಂತ ಕೆಳಗೆ ಹೋಗುವುದಿಲ್ಲ. ಇದನ್ನು ತಳದ ಬೇಡಿಕೆ ಎನ್ನೋಣ. ದೇಶಕ್ಕೂ ಇಂಥದೊಂದು ತಳವಿದೆ. 2024ರ ಮೇ 30ರಂದು ಭಾರತದ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿತು. ಚಳಿಗಾಲದ ನಡುರಾತ್ರಿಯಲ್ಲೂ ಅದು 100 ಗಿಗಾವ್ಯಾಟ್‌ಗಿಂತ ಎಷ್ಟೋ ಮೇಲಿರುತ್ತದೆ. ಈ ತಳವನ್ನು ಈಗ ಹೊತ್ತಿರುವುದು ಮುಖ್ಯವಾಗಿ ಕಲ್ಲಿದ್ದಲು. ಅಣುವಿದ್ಯುತ್ತು ನಮ್ಮಲ್ಲಿ ಇನ್ನೂ 9 ಗಿಗಾವ್ಯಾಟ್ ಆಸುಪಾಸಿನಲ್ಲಿದೆ, ಒಟ್ಟು ಉತ್ಪಾದನೆಯ ಶೇಕಡ 3ರಷ್ಟು. ಹಾಗಾಗಿ ಅಣುಸ್ಥಾವರದ ಸ್ಪರ್ಧಿ ನಿಮ್ಮ ಟೆರೇಸಲ್ಲ, ಚಂದ್ರಪುರದ ಬಾಯ್ಲರು. ಈ ಮಾತು ಮನಸ್ಸಿಗೆ ಕೂತರೆ ಉಳಿದದ್ದು ಸುಲಭ.

ಕೈಗಾದ ಯಂತ್ರ ಈ ತಳಕ್ಕೆ ಹೇಗೆ ಹೊಂದುತ್ತದೆ ಎಂಬುದಕ್ಕೆ ಒಂದು ಇಂಧನದ ಕಟ್ಟನ್ನೇ ತೆಗೆದುಕೊಳ್ಳೋಣ. ಅಲ್ಲಿರುವುದು 220 ಮೆಗಾವ್ಯಾಟಿನ ನಾಲ್ಕು ಭಾರಜಲ ರಿಯಾಕ್ಟರುಗಳು. ಒಂದೊಂದರಲ್ಲೂ 306 ಅಡ್ಡ ಕೊಳವೆಗಳು, ಕೊಳವೆಗೆ 12 ಇಂಧನದ ಕಟ್ಟುಗಳು. ಒಂದು ಕಟ್ಟಿನಲ್ಲಿ 19 ಕಡ್ಡಿ, ಉದ್ದ ಅರ್ಧ ಮೀಟರ್, ತೂಕ ಸುಮಾರು 16 ಕಿಲೋ. ಒಳಗಿರುವುದು ಸಂವರ್ಧನೆ ಮಾಡದ, ಅಂದರೆ ಸುಲಭವಾಗಿ ಒಡೆಯುವ ಪರಮಾಣುಗಳ ಪಾಲನ್ನು ಹೆಚ್ಚಿಸದ, ಸಹಜ ಯುರೇನಿಯಂ. ಪೂರ್ಣ ಸಾಮರ್ಥ್ಯದಲ್ಲಿ ಓಡುವ ಒಂದು ರಿಯಾಕ್ಟರ್ ದಿನಕ್ಕೆ ಸುಮಾರು 8 ಕಟ್ಟು ಸವೆಸುತ್ತದೆ. ಹಾಗೆ ಲೆಕ್ಕ ಹಾಕಿದರೆ ಒಂದು ಕಟ್ಟು ತನ್ನ ಆಯುಸ್ಸಿನಲ್ಲಿ ಆರೂವರೆ ಲಕ್ಷ ಯೂನಿಟ್ ಕೊಡುತ್ತದೆ. ನಿಮ್ಮ 200 ಮನೆಗಳು ತಿಂಗಳಿಗೆ ತಲಾ 250 ಯೂನಿಟ್ ಬಳಸುತ್ತವೆ ಎಂದುಕೊಂಡು ಕಾಮನ್ ಬಳಕೆಯನ್ನೂ ಸೇರಿಸಿದರೆ ವರ್ಷಕ್ಕೆ ಸುಮಾರು 6.9 ಲಕ್ಷ. ಅಂದರೆ ನಿಮ್ಮ ಇಡೀ ಸೊಸೈಟಿಯ ಹೆಚ್ಚುಕಡಿಮೆ ಒಂದು ವರ್ಷದ ಕರೆಂಟು ಒಂದೇ ಕಟ್ಟಿನಲ್ಲಿದೆ. ಇದೇ ಕೆಲಸಕ್ಕೆ 450 ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು. ನಮ್ಮ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ ಆದ್ದರಿಂದ 150 ಟನ್ ಬೂದಿ ಉಳಿಯುತ್ತದೆ. ಇಂಧನದ ಕಟ್ಟಿನಲ್ಲಿ ನಿಜವಾಗಿ ಒಡೆದ ಪರಮಾಣುಗಳ ಶೇಷ 100 ಗ್ರಾಂ ಆಸುಪಾಸು. ಅದು ಅತ್ಯಂತ ಅಪಾಯದ ವಸ್ತು; ತೂಕ ಕಡಿಮೆ ಎಂದು ಹಗುರವಾಗಿ ನೋಡುವಂತಿಲ್ಲ. ಆ ಮಾತಿಗೆ ಮುಂದೆ ಬರುತ್ತೇವೆ.

ಈ ರಿಯಾಕ್ಟರುಗಳಲ್ಲಿ ಇಂಧನ ಬದಲಿಸಲು ಯಂತ್ರ ನಿಲ್ಲಿಸಬೇಕಾಗಿಲ್ಲ. ಕೊಳವೆಯ ಎರಡೂ ತುದಿಗೆ ಒಂದೊಂದು ಇಂಧನಯಂತ್ರ ಕಚ್ಚಿಕೊಂಡು, ಒಂದು ಕಡೆಯಿಂದ ಹೊಸ ಕಟ್ಟು ತಳ್ಳುತ್ತದೆ, ಇನ್ನೊಂದು ಕಡೆ ಹಳೆಯದು ಹೊರಬರುತ್ತದೆ. ಕೈಗಾದ 1ನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಬರೆದದ್ದು ಇದರಿಂದಲೇ. ಆಮೇಲೆ ಆ ದಾಖಲೆ ಮುರಿದ ಕೆನಡಾದ ಡಾರ್ಲಿಂಗ್ಟನ್ ಘಟಕವೂ ಇದೇ ಜಾತಿಯದು.

ಇನ್ನು ಅಗ್ಗದ ಮಾತು. 700 ಮೆಗಾವ್ಯಾಟಿನ ಒಂದು ರಿಯಾಕ್ಟರ್ ಶೇಕಡ 85ರ ಸರಾಸರಿಯಲ್ಲಿ ಓಡಿದರೆ ವರ್ಷಕ್ಕೆ 520 ಕೋಟಿ ಯೂನಿಟ್. ಅಷ್ಟನ್ನೇ ಬಿಸಿಲಿನಿಂದ ಪಡೆಯಲು ಸುಮಾರು 3,000 ಮೆಗಾವ್ಯಾಟ್ ಪ್ಯಾನೆಲ್ ಬೇಕು. ತುಮಕೂರು ಜಿಲ್ಲೆಯ ಪಾವಗಡದ ಪಾರ್ಕು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಅಂಥ ಒಂದೂವರೆ ಪಾವಗಡ ಎನ್ನಿ. ದುಡ್ಡಿನಲ್ಲಿ ಅದು ರಿಯಾಕ್ಟರಿಗಿಂತ ತುಟ್ಟಿಯೇನಲ್ಲ, ಕಟ್ಟುವುದಕ್ಕೂ ಒಂದೂವರೆ ವರ್ಷ ಸಾಕು. ಇಲ್ಲಿಗೇ ಲೆಕ್ಕ ನಿಲ್ಲಿಸಿದವರು ಸೋಲಾರ್ ಒಂದೇ ಸಾಕು ಎಂಬ ತೀರ್ಮಾನಕ್ಕೆ ಬರುತ್ತಾರೆ. ಆದರೆ ಸರಿಹೊಂದಿದ್ದು ವರ್ಷದ ಮೊತ್ತ ಮಾತ್ರ. ಪಾವಗಡ ನಡುಹಗಲಲ್ಲಿ ಬೇಕಾದ್ದಕ್ಕಿಂತ ಮೂರು ಪಟ್ಟು ಕೊಡುತ್ತದೆ, ಸಂಜೆ ಏಳಕ್ಕೆ ಏನೂ ಕೊಡುವುದಿಲ್ಲ.

ಹಾಗಾದರೆ ಬ್ಯಾಟರಿ? ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಇವತ್ತಿನ ಮಧ್ಯಾಹ್ನವನ್ನು ಇವತ್ತಿನ ರಾತ್ರಿಗೆ ದಾಟಿಸುವುದು. ಇದು ಬ್ಯಾಟರಿ ಚೆನ್ನಾಗಿ ಮಾಡುವ ಕೆಲಸ, ವರ್ಷವರ್ಷವೂ ಅಗ್ಗವಾಗುತ್ತಿದೆ. ಎರಡನೆಯದು ಮೋಡ ಕವಿದ ವಾರವನ್ನು, ಇಡೀ ಋತುವನ್ನು ದಾಟಿಸುವುದು. ನಿಮ್ಮ ಸೊಸೈಟಿಯನ್ನೇ ಗ್ರಿಡ್ಡಿನಿಂದ ಬಿಡಿಸಿ ನೋಡೋಣ. ದಿನದ ಬಳಕೆ ಸುಮಾರು 1,900 ಯೂನಿಟ್, ಅದರಲ್ಲಿ ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ 1,100 ಎಂದುಕೊಳ್ಳಿ. ಅಷ್ಟು ಹಿಡಿಸುವ ಬ್ಯಾಟರಿ ಒಂದು ಹಡಗಿನ ಕಂಟೇನರಿನ ಅರ್ಧವನ್ನೂ ತುಂಬುವುದಿಲ್ಲ. ಅದನ್ನು ತುಂಬಿಸಲು ಪ್ಯಾನೆಲ್ 475 ಕಿಲೋವ್ಯಾಟ್ ಬೇಕು; ಕಿಲೋವ್ಯಾಟಿಗೆ 100 ಚದರ ಅಡಿಯಂತೆ ಒಂದು ಎಕರೆಗೂ ಹೆಚ್ಚು ಜಾಗ. ಟೆರೇಸಿನಲ್ಲಿ ಅಷ್ಟು ಜಾಗವೆಲ್ಲಿದೆ? ಇದ್ದರೂ ಜುಲೈ ಬರುತ್ತದೆ. ಆಗ ಕಿಲೋವ್ಯಾಟಿಗೆ ಎರಡೂವರೆ ಯೂನಿಟ್ ಸಿಕ್ಕರೆ ಪುಣ್ಯ. ನಿಮ್ಮ 60 ಕಿಲೋವ್ಯಾಟ್ ಏಪ್ರಿಲ್–ಮೇಯಲ್ಲಿ 300 ಯೂನಿಟ್ ಮುಟ್ಟಿದ ದಿನಗಳನ್ನೂ ಜುಲೈನಲ್ಲಿ 130–160ಕ್ಕೆ ಇಳಿದ ದಿನಗಳನ್ನೂ ಇನ್ವರ್ಟರಿನ ಆ್ಯಪ್‌ನಲ್ಲೇ ನೋಡಬಹುದು. ಧಾರಾಕಾರ ಸುರಿಯುವ ಐದು ದಿನಕ್ಕೆ ಕೂಡಿಡಬೇಕೆಂದರೆ 9,500 ಯೂನಿಟ್ಟಿನ ಬ್ಯಾಟರಿ ಬೇಕು.

ಬ್ಯಾಟರಿಯ ದುಡ್ಡು ಹುಟ್ಟುವುದು ಎಷ್ಟು ಸಲ ತುಂಬಿ ಖಾಲಿ ಮಾಡುತ್ತೀರಿ ಎಂಬುದರ ಮೇಲೆ. ಉದಾಹರಣೆಗೆ ಒಂದು ಯೂನಿಟ್ ಹಿಡಿಸುವ ಬ್ಯಾಟರಿಗೆ ಎಲ್ಲ ಸೇರಿ 15,000 ರೂಪಾಯಿ, ಬಾಳಿಕೆ 15 ವರ್ಷ ಎಂದುಕೊಳ್ಳಿ. ವರ್ಷಕ್ಕೆ 300 ಸಲ ಬಳಸಿದರೆ ಕೂಡಿಟ್ಟ ಯೂನಿಟ್ಟಿಗೆ ಬೀಳುವುದು 3 ರೂಪಾಯಿ ಚಿಲ್ಲರೆ. ವರ್ಷಕ್ಕೆ 5 ಸಲ ಮಾತ್ರ ಬಳಸಿದರೆ 200 ರೂಪಾಯಿ. ಬ್ಯಾಟರಿ ನಾಳೆ ಅರ್ಧ ಬೆಲೆಗೆ ಇಳಿದರೂ ಎರಡನೆಯದು 100 ರೂಪಾಯಿಯೇ. ಸಂಜೆಯ ನಾಲ್ಕು ತಾಸುಗಳ ಮಟ್ಟಿಗೆ ಬ್ಯಾಟರಿ ಸರಿಯಾದ ಉತ್ತರ, ಮಳೆಗಾಲಕ್ಕೆ ಅಲ್ಲ ಎನ್ನುವುದಕ್ಕೆ ಕಾರಣ ಇಷ್ಟೇ.

ಮಳೆಗಾಲಕ್ಕೆ ನಮ್ಮ ಕರಾವಳಿ-ಘಟ್ಟದ ಸೀಮೆಯಲ್ಲಿ ಪ್ರಕೃತಿಯೇ ಒಂದು ಆಸರೆ ಕೊಟ್ಟಿದೆ. ಬಿಸಿಲು ಮಂಕಾಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಸಾತಾರಾದ ಚಾಳಕೆವಾಡಿ, ವಂಕುಸವಡೆ ಪ್ರಸ್ಥಭೂಮಿಗಳ ಮೇಲೆ ನೈರುತ್ಯ ಮಾರುತ ಬೀಸುತ್ತದೆ. ವರ್ಷದ ಗಾಳಿವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಈ ನಾಲ್ಕು ತಿಂಗಳಲ್ಲೇ ಬರುತ್ತದೆ. ಬಿಸಿಲು ಮತ್ತು ಗಾಳಿಯ ಈ ಜೋಡಿ ನಿಜಕ್ಕೂ ಚೆಂದ. ಕೈಕೊಡುವುದು ಅಕ್ಟೋಬರ್‌ನಲ್ಲಿ. ಮುಂಬಯಿಯವರು ‘ಅಕ್ಟೋಬರ್ ಹೀಟ್’ ಎನ್ನುವ ಆ ವಾರಗಳಲ್ಲಿ ಗಾಳಿ ನಿಂತಿರುತ್ತದೆ, ಆರೂಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ, ಮನೆಮನೆಯ ಎಸಿ ನಡುರಾತ್ರಿಯವರೆಗೆ ಓಡುತ್ತದೆ.

ಆ ಸಂಜೆಗಳಿಗೆ ಇರುವ ಅತ್ಯುತ್ತಮ ಅಸ್ತ್ರ ಜಲವಿದ್ಯುತ್ತು. ಗೇಟು ತೆಗೆದ ಕೆಲವೇ ನಿಮಿಷಗಳಲ್ಲಿ ಕೊಯ್ನಾದ ಟರ್ಬೈನು ಪೂರ್ತಿ ಹೊರೆ ಹೊರುತ್ತದೆ. ಆದರೆ ಕೊಯ್ನಾದ ನೀರು ಕೃಷ್ಣೆಯ ನೀರು. ಅದನ್ನು ಪಶ್ಚಿಮಕ್ಕೆ ತಿರುಗಿಸಿ ವಿದ್ಯುತ್ತು ಮಾಡಲು ಕೃಷ್ಣಾ ನ್ಯಾಯಾಧಿಕರಣ ವರ್ಷಕ್ಕೆ 67.5 ಟಿಎಂಸಿಯ ಮಿತಿ ಹಾಕಿದೆ. ಕೊಂಕಣಕ್ಕೆ ಹರಿದ ಒಂದೊಂದು ಹನಿಯೂ ಆಲಮಟ್ಟಿಗೆ ಬಾರದ ಹನಿ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟು ಬೆಲೆಯ ನೀರನ್ನು ನಡುರಾತ್ರಿ 3 ಗಂಟೆಯ ತಳದ ಬೇಡಿಕೆಗೆ ಸುರಿಯುವುದು ದಂಡ. ತಳವನ್ನು ಬೇರೆ ಯಾರಾದರೂ ಹೊತ್ತರೆ ನೀರು ಸಂಜೆಯ ಮೂರು ತಾಸುಗಳ ಬಳಕೆಗೆ ಉಳಿಯುತ್ತದೆ. ಅಣು ಮತ್ತು ಬಿಸಿಲು-ಗಾಳಿ-ನೀರಿನಂಥ ನವೀಕರಿಸಬಹುದಾದ ಮೂಲಗಳ ಪಾಲುದಾರಿಕೆ ನಮ್ಮ ಕಣ್ಣಿಗೆ ಅತಿ ಸ್ಪಷ್ಟವಾಗಿ ಕಾಣುವುದು ಇಲ್ಲೇ. ನೀರನ್ನು ಮತ್ತೆ ಮೇಲೆತ್ತಿ ಬಳಸುವ ವ್ಯವಸ್ಥೆಯೂ ಹತ್ತಿರದಲ್ಲೇ ಇದೆ: ಘಾಟ್‌ಘರ್‌ನಲ್ಲಿ 250 ಮೆಗಾವ್ಯಾಟ್, ಭಿರಾದಲ್ಲಿ 150. ಮಧ್ಯಾಹ್ನದ ಸೋಲಾರ್‌ನಿಂದ ನೀರು ಮೇಲಕ್ಕೆ, ಸಂಜೆ ಕೆಳಕ್ಕೆ. ಇಂಥವು ಇನ್ನೂ ಬೇಕು, ಆದರೆ ಘಟ್ಟದ ಕಾಡಿನಲ್ಲಿ ಕಟ್ಟುವಾಗ ಶರಾವತಿಯಲ್ಲಿ ಎದ್ದಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಮುಂದುವರಿಯಬೇಕು.

ಈಗ ಪಾಲುದಾರಿಕೆಯ ಕಷ್ಟದ ಭಾಗ. ಅಣುಸ್ಥಾವರವನ್ನು ನಲ್ಲಿಯಂತೆ ಮಧ್ಯಾಹ್ನ ತಗ್ಗಿಸಿ ಸಂಜೆ ಹೆಚ್ಚಿಸಬಹುದೇ ಎಂದು ಹಲವರು ಕೇಳುತ್ತಾರೆ. ನಮ್ಮ ಭಾರಜಲ ರಿಯಾಕ್ಟರುಗಳಲ್ಲಿ ಇದು ಕಷ್ಟ, ಕಾರಣ ಝೀನಾನ್ ಎಂಬ ಅನಿಲ. ರಿಯಾಕ್ಟರ್ ಓಡುವಾಗ ಅಯೋಡಿನ್-135 ಹುಟ್ಟುತ್ತದೆ. ಅದು 6.6 ಗಂಟೆಗೆ ಅರ್ಧದಂತೆ ಕರಗಿ ಝೀನಾನ್-135 ಆಗುತ್ತದೆ. ಝೀನಾನ್ ನ್ಯೂಟ್ರಾನುಗಳನ್ನು ನುಂಗುವುದರಲ್ಲಿ ಎತ್ತಿದ ಕೈ. ಪೂರ್ತಿ ಶಕ್ತಿಯಲ್ಲಿ ಓಡುತ್ತಿರುವಾಗ ಹುಟ್ಟಿದ ಝೀನಾನ್ ನ್ಯೂಟ್ರಾನಿನ ಹೊಡೆತಕ್ಕೆ ಹುಟ್ಟಿದಂತೆಯೇ ಸುಟ್ಟುಹೋಗುತ್ತಿರುತ್ತದೆ, ಸಮತೋಲ ಇರುತ್ತದೆ. ಶಕ್ತಿಯನ್ನು ಥಟ್ಟನೆ ಇಳಿಸಿದರೆ ಸುಡುವುದು ನಿಲ್ಲುತ್ತದೆ, ಅಯೋಡಿನ್ ಕರಗುತ್ತಲೇ ಇರುತ್ತದೆ, ಝೀನಾನ್ ಗುಡ್ಡೆಯಾಗುತ್ತದೆ. ಹತ್ತು ಗಂಟೆಯ ಆಸುಪಾಸಿನಲ್ಲಿ ಅದು ತುತ್ತತುದಿಗೆ ಏರುತ್ತದೆ. ಸಂವರ್ಧಿತ ಇಂಧನದ ರಿಯಾಕ್ಟರಿಗೆ ಇದನ್ನು ಮೀರುವ ಹೆಚ್ಚುವರಿ ಬಲ ಇರುತ್ತದೆ. ಸಹಜ ಯುರೇನಿಯಂಗೆ ಅಷ್ಟಿಲ್ಲ. ಹಾಗಾಗಿ ಇಂಥ ರಿಯಾಕ್ಟರ್ ಟ್ರಿಪ್ ಆದರೆ ಸುಮಾರು ಅರ್ಧ ಗಂಟೆಯೊಳಗೆ ಮತ್ತೆ ಎಬ್ಬಿಸಬೇಕು. ತಪ್ಪಿದರೆ ಝೀನಾನ್ ಕರಗುವವರೆಗೆ ಒಂದೂವರೆ ದಿನ ಕಾಯಬೇಕು. ನಿಯಂತ್ರಣ ಕೋಣೆಯವರು ಇದಕ್ಕೆ ‘ಪಾಯ್ಸನ್ ಔಟ್’ ಎನ್ನುತ್ತಾರೆ. ಬೆಳಿಗ್ಗೆ 11ಕ್ಕೆ ಬಿದ್ದ ಘಟಕ ಅಂದಿನ ಸಂಜೆಗೂ ಇಲ್ಲ, ಮರುದಿನದ ಸಂಜೆಗೂ ಅನುಮಾನ.

ಫ್ರಾನ್ಸಿನ ರಿಯಾಕ್ಟರುಗಳು ದಿನವೂ ಏರಿಳಿಯುತ್ತವೆ, ನಿಜ. ಅವು ಸಂವರ್ಧಿತ ಇಂಧನದವು, ಮೃದುವಾಗಿ ಶಕ್ತಿ ತಗ್ಗಿಸುವ ವಿಶೇಷ ಕಡ್ಡಿಗಳಿವೆ. ಅಲ್ಲೂ ಇಂಧನದ ಚಕ್ರ ಮುಗಿಯುತ್ತ ಬಂದಂತೆ ಈ ನಮ್ಯತೆ ಕಡಿಮೆಯಾಗುತ್ತದೆ. ನಮ್ಮ ಜಾತಿಯ ರಿಯಾಕ್ಟರುಗಳಿಗೆ ಕೆನಡಾದ ಬ್ರೂಸ್ ಸ್ಥಾವರ ಬೇರೆ ದಾರಿ ಕಂಡುಕೊಂಡಿದೆ: ರಿಯಾಕ್ಟರನ್ನು ಮುಟ್ಟುವುದೇ ಇಲ್ಲ, ಉಗಿಯ ಒಂದು ಪಾಲನ್ನು ಟರ್ಬೈನಿಗೆ ಕೊಡದೆ ನೇರ ಕಂಡೆನ್ಸರಿಗೆ ಬಿಡುತ್ತಾರೆ. ಶಾಖ ಪೋಲಾಗುತ್ತದೆ, ಆದರೆ ಝೀನಾನ್ ಕಾಟ ಇಲ್ಲ. ಇದು ಅಪರೂಪಕ್ಕೆ ಸರಿ, ದಿನಚರಿಗೆ ಅಲ್ಲ. ಯಾಕೆಂದರೆ ಅಣುಸ್ಥಾವರದ ಖರ್ಚಿನ ಬಹುಪಾಲು ಕಟ್ಟುವಾಗಲೇ ಆಗಿಹೋಗಿರುತ್ತದೆ. ಅರ್ಧ ಓಡಿಸಿದರೆ ಇಂಧನದಲ್ಲಿ ಉಳಿಯುವುದು ಅಲ್ಪ, ಯೂನಿಟ್ಟಿನ ಬೆಲೆ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

ಬಾಗಬೇಕಾದವರು ಹಾಗಾದರೆ ಯಾರು? ಇವತ್ತಿಗೆ ಮೊದಲು ಬಾಗಬೇಕಾದದ್ದು ಕಲ್ಲಿದ್ದಲು. ಹಳೆಯ ಬಾಯ್ಲರುಗಳು ಶೇಕಡ 55ಕ್ಕಿಂತ ಕೆಳಗೆ ಇಳಿಯಲು ಒದ್ದಾಡುತ್ತವೆ. ಜ್ವಾಲೆ ಅಲುಗಾಡುತ್ತದೆ, ಎಣ್ಣೆ ಸುರಿದು ಹಿಡಿದಿಡಬೇಕಾಗುತ್ತದೆ, ದಪ್ಪ ಲೋಹದ ಭಾಗಗಳು ಬಿಸಿ-ತಂಪಿನ ಏರಿಳಿತಕ್ಕೆ ಬಿರುಕು ಬಿಡುತ್ತವೆ. 2023ರ ನಿಯಮಗಳು ಹಂತಹಂತವಾಗಿ ಶೇಕಡ 40ಕ್ಕೆ ಇಳಿಸಬೇಕು ಎನ್ನುತ್ತವೆ. ಅದು ಸಾಲದೆ ಹೋದ ಮಧ್ಯಾಹ್ನಗಳಲ್ಲಿ ಸೋಲಾರನ್ನೇ ಕಡಿತಗೊಳಿಸಬೇಕಾಗುತ್ತದೆ. ರಾಜಸ್ಥಾನದಲ್ಲಿ ತಂತಿಮಾರ್ಗ ಸಾಲದೆ ಇದು ಈಗಾಗಲೇ ನಡೆದಿದೆ. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಧ್ಯಾಹ್ನ ಕುಸಿಯುವ ಬೆಲೆ ಸಂಜೆ 10 ರೂಪಾಯಿಯ ಗರಿಷ್ಠ ಮಿತಿಯವರೆಗೂ ಏರುವುದುಂಟು. ಈ ಅಂತರವೇ ಬ್ಯಾಟರಿಗೂ ನೀರೆತ್ತುವ ಸ್ಥಾವರಕ್ಕೂ ಕೆಲಸ ಹುಟ್ಟಿಸುತ್ತದೆ. 2047ಕ್ಕೆ 100 ಗಿಗಾವ್ಯಾಟ್ ಅಣುವಿದ್ಯುತ್ತಿನ ಗುರಿಯನ್ನು ಸರ್ಕಾರ 2025ರ ಬಜೆಟ್ಟಿನಲ್ಲಿ ಹೇಳಿದೆ. ಅಷ್ಟಾಗುವ ಹೊತ್ತಿಗೆ ಮಧ್ಯಾಹ್ನದ ಗುದ್ದಾಟ ನಿಜವಾಗಿಯೂ ಎದುರಾಗುತ್ತದೆ, ಆಗ ಕೂಡಿಡುವ ವ್ಯವಸ್ಥೆ ಸಾಕಷ್ಟಿರಬೇಕು. ಇವತ್ತಿನ ಶೇಕಡ 3ರಲ್ಲಿ ಆ ಭಯ ಇಟ್ಟುಕೊಳ್ಳಬೇಕಾಗಿಲ್ಲ.

ಅಣು, ಸೋಲಾರ್ ಇಬ್ಬರಿಗೂ ಬೇಕಾದ ಇನ್ನೊಂದು ವಸ್ತು ಗಟ್ಟಿ ಗ್ರಿಡ್. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿ ಕತ್ತಲಾದದ್ದು, ಲೋಕಲ್ ರೈಲುಗಳು ನಡುದಾರಿಯಲ್ಲಿ ನಿಂತದ್ದು ನಿಮಗೆ ನೆನಪಿರಬಹುದು. ಹೊರಗಿನಿಂದ ಕರೆಂಟು ತರುವ ಕಳವಾ ಭಾಗದ ಲೈನುಗಳು ಒಂದರ ಮೇಲೊಂದು ಕೈಕೊಟ್ಟವು, ನಗರ ಪ್ರತ್ಯೇಕ ದ್ವೀಪವಾಗಿ ಉಳಿದುಕೊಳ್ಳುವ ವ್ಯವಸ್ಥೆ ಅಂದು ನಿಲ್ಲಲಿಲ್ಲ. ಅಂಥ ಗಳಿಗೆಯಲ್ಲಿ ಟೆರೇಸಿನ ಸೋಲಾರೂ ನೆರವಿಗೆ ಬರುವುದಿಲ್ಲ. ಲೈನ್ ಸತ್ತಾಗ ದುರಸ್ತಿಯವರಿಗೆ ಶಾಕ್ ಹೊಡೆಯದಿರಲೆಂದು ನಿಮ್ಮ ಇನ್ವರ್ಟರ್ ತಾನಾಗಿ ಆರುತ್ತದೆ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಪೂರ್ತಿ ಕತ್ತಲಾದಾಗ ವೋಲ್ಟೇಜ್ ಏರುತ್ತ ಹೋಗಿ ಸ್ಥಾವರಗಳು ಸರಪಳಿಯಂತೆ ಕಳಚಿಕೊಂಡವು. ಓಡುತ್ತಿದ್ದ ಅಣು ಘಟಕಗಳೂ ನಿಂತು, ಅವುಗಳ ತಂಪುಗೊಳಿಸುವ ಪಂಪುಗಳು ಡೀಸೆಲ್ ಜನರೇಟರಿನ ಮೇಲೆ ನಡೆದವು. ರಿಯಾಕ್ಟರಿಗೂ ಹೊರಗಿನ ಕರೆಂಟು ಬೇಕು ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಅದರ ಭಾರದ ಟರ್ಬೈನು ಗ್ರಿಡ್ಡಿಗೆ ಜಡತ್ವ ಕೊಡುತ್ತದೆ, 50 ಹರ್ಟ್ಸ್ ಆವರ್ತನ ಒಮ್ಮೆಲೇ ಬೀಳದಂತೆ ತಡೆಯುತ್ತದೆ. ಪ್ಯಾನೆಲಿಗೆ ತಿರುಗುವ ಭಾಗವಿಲ್ಲ. ವೋಲ್ಟೇಜ್ ಹಿಡಿಯುವ ಕೆಲಸವನ್ನು ಅದರ ಇನ್ವರ್ಟರಿಗೆ ಕಲಿಸಬೇಕು. ಈಚಿನ ದೊಡ್ಡ ಇನ್ವರ್ಟರುಗಳಿಗೆ ಆ ಶಕ್ತಿ ಇದೆ.

ಅಣುವಿನ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ದೋಷಗಳನ್ನೂ ಅಷ್ಟೇ ನೇರವಾಗಿ ಹೇಳಬೇಕು. ಮೊದಲನೆಯದು ತಡ. ಕಾಕರಾಪಾರದ 3ನೇ ಘಟಕಕ್ಕೆ ಮೊದಲ ಕಾಂಕ್ರೀಟ್ ಬಿದ್ದದ್ದು 2010ರಲ್ಲಿ, ವಾಣಿಜ್ಯ ಉತ್ಪಾದನೆ ಶುರುವಾದದ್ದು 2023ರ ಜೂನ್‌ನಲ್ಲಿ. 2017ರಲ್ಲಿ ಹತ್ತು ರಿಯಾಕ್ಟರುಗಳಿಗೆ ಒಪ್ಪಿಗೆ ಕೊಟ್ಟಾಗಿನ ಅಂದಾಜು 1,05,000 ಕೋಟಿ, ಅಂದರೆ ಒಂದಕ್ಕೆ 10,500 ಕೋಟಿ. ಅದರ ಶೇಕಡ 70 ಸಾಲ, ಬಡ್ಡಿ ಶೇಕಡ 9 ಎಂದುಕೊಂಡರೆ, ದುಡ್ಡು ಸುರಿದಾದ ಮೇಲೆ ಒಂದು ವರ್ಷ ತಡವಾದರೂ 660 ಕೋಟಿ ಬಡ್ಡಿಯೇ ಸೇರುತ್ತದೆ. ಹೊಸ ರಿಯಾಕ್ಟರಿನ ಯೂನಿಟ್ ಸೋಲಾರಿಗಿಂತ ತುಟ್ಟಿ ಎಂಬುದರಲ್ಲಿ ನಿಮ್ಮ ಮಾತು ಸರಿ. ಎರಡನೆಯದು ಕಟ್ಟುವಾಗಿನ, ಬಾಳುವಾಗಿನ ತೊಡಕು. 1994ರಲ್ಲಿ ಕೈಗಾದ 1ನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ಕಟ್ಟುವ ಹಂತದಲ್ಲೇ ಕಳಚಿ ಬಿತ್ತು, ವಿನ್ಯಾಸವನ್ನೇ ತಿದ್ದಬೇಕಾಯಿತು. ಮುಂಬಯಿಯಿಂದ ಸುಮಾರು 100 ಕಿಲೋಮೀಟರ್ ಉತ್ತರಕ್ಕಿರುವ ತಾರಾಪುರದ ಮೊದಲ ಎರಡು ಘಟಕಗಳು 1969ರವು. 2020ರಲ್ಲಿ ಕೊಳವೆ ಬದಲಿಸಲೆಂದು ನಿಂತದ್ದು ವರ್ಷಗಟ್ಟಲೆ ನಿಂತವು.

ಮೂರನೆಯದು ಆ 100 ಗ್ರಾಂ. ಬಳಸಿದ ಕಟ್ಟನ್ನು ಮೊದಲು ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಸುತ್ತಾರೆ. ಆಮೇಲೆ ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸಿ, ಉಳಿದ ಉಗ್ರ ಶೇಷವನ್ನು ಗಾಜಿನೊಳಗೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಮುಚ್ಚುತ್ತಾರೆ. ಟ್ರಾಂಬೆ ಮತ್ತು ತಾರಾಪುರದಲ್ಲಿ ಈ ಕೆಲಸ ನಡೆಯುತ್ತದೆ. ಶೇಷದಲ್ಲಿ ಮುಖ್ಯವಾದ ಸೀಸಿಯಂ, ಸ್ಟ್ರಾನ್ಷಿಯಂ ಸುಮಾರು 30 ವರ್ಷಕ್ಕೆ ಅರ್ಧವಾಗುತ್ತವೆ, 300 ವರ್ಷಕ್ಕೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಅದಕ್ಕಿಂತ ದೀರ್ಘಾಯುಸ್ಸಿನವೂ ಇವೆ, ಅವುಗಳಿಗೆ ಭೂಮಿಯಾಳದ ಶಾಶ್ವತ ತಾಣ ನಮ್ಮ ದೇಶದಲ್ಲಿ ಇನ್ನೂ ಇಲ್ಲ. ನಿಮ್ಮ ಟೆರೇಸಿಗೂ ಒಂದು ಲೆಕ್ಕವಿದೆ: 110 ಪ್ಯಾನೆಲುಗಳು, 25 ವರ್ಷದ ಮೇಲೆ ಸುಮಾರು 3 ಟನ್ ಗಾಜು, ಅಲ್ಯೂಮಿನಿಯಂ, ಒಂದಿಷ್ಟು ಸೀಸ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಇದೂ ಸೇರಿದೆ. ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ.

ಇಂಗಾಲದ ಮಟ್ಟಿಗೆ ಇಬ್ಬರೂ ಒಂದೇ ಪಂಕ್ತಿಯವರು. ಗಣಿಯಿಂದ ಕಳಚುವವರೆಗಿನ ಒಟ್ಟು ಲೆಕ್ಕದಲ್ಲಿ, ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2014ರ ವರದಿಯ ಮಧ್ಯಮ ಅಂಕಿಗಳು ಯೂನಿಟ್ಟಿಗೆ ಹೀಗಿವೆ: ಅಣು 12 ಗ್ರಾಂ ಇಂಗಾಲದ ಡೈಆಕ್ಸೈಡ್, ಗಾಳಿ 11, ಚಾವಣಿ ಸೋಲಾರ್ 41, ಕಲ್ಲಿದ್ದಲು 820. ಜರ್ಮನಿ 2023ರ ಏಪ್ರಿಲ್ 15ರಂದು ಕೊನೆಯ ರಿಯಾಕ್ಟರುಗಳನ್ನು ಮುಚ್ಚಿತು, ಕಲ್ಲಿದ್ದಲನ್ನು ಇನ್ನೂ ಉರಿಸುತ್ತಿದೆ. ಕೆನಡಾದ ಒಂಟಾರಿಯೊ ಅಣು ಮತ್ತು ಜಲವಿದ್ಯುತ್ತನ್ನು ಜೊತೆಗಿಟ್ಟುಕೊಂಡು 2014ರಲ್ಲೇ ಕಲ್ಲಿದ್ದಲನ್ನು ಪೂರ್ತಿ ಬಿಟ್ಟಿತು. ಯಾವುದನ್ನು ಮೊದಲು ಮುಚ್ಚಬೇಕು ಎಂಬ ಅನುಕ್ರಮದ ತಪ್ಪು ಎಷ್ಟು ದುಬಾರಿ ಎಂದು ಇದರಿಂದ ತಿಳಿಯುತ್ತದೆ.

ಕೈಗಾದ 5 ಮತ್ತು 6ರ ಬಗ್ಗೆ ನಮ್ಮ ಅಭಿಪ್ರಾಯ: ಈಗಿರುವ ಆವರಣದಲ್ಲೇ 700 ಮೆಗಾವ್ಯಾಟಿನ ಎರಡು ಘಟಕ ಕಟ್ಟುವುದು, ಹೊಸ ಹಳ್ಳಿಯೊಂದನ್ನು ಎಬ್ಬಿಸಿ ಕಟ್ಟುವುದಕ್ಕಿಂತ ಎಷ್ಟೋ ಮೇಲು. ಆದರೆ ನಿಮ್ಮ ಊರಿನವರ ಅಂಜಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕುವವರ ಜೊತೆ ನಾವಿಲ್ಲ. ಕಾಳಿಯ ಅಣೆಕಟ್ಟುಗಳಿಗೆ, ಕೈಗಾಕ್ಕೆ, ಸೀಬರ್ಡ್ ನೌಕಾನೆಲೆಗೆ ಒಂದೇ ಜಿಲ್ಲೆ ಮತ್ತೆ ಮತ್ತೆ ನೆಲ ಬಿಟ್ಟುಕೊಟ್ಟಿದೆ. ಕದ್ರಾ ಜಲಾಶಯಕ್ಕೆ ಬಿಡುವ ಬಿಸಿನೀರಿನ ತಾಪ, ಸುತ್ತಲಿನ ನೀರು-ಮೀನು-ಹಾಲಿನಲ್ಲಿ ಅಳೆದ ವಿಕಿರಣದ ಅಂಕಿಗಳು ಕನ್ನಡದಲ್ಲಿ, ಪಂಚಾಯಿತಿಯ ಹಲಗೆಯ ಮೇಲೆ ತಿಂಗಳು ತಿಂಗಳೂ ಬರಬೇಕು ಎಂದು ಊರಿಗೆ ಹೋದಾಗ ನೀವೂ ಕೇಳಿ. ಘಟ್ಟದ ಕಾಡಿನ ನಡುವೆ ಹೊಸ ಲೈನಿನ ದಾರಿ ಯಾವುದು ಎಂಬುದನ್ನೂ ಕೇಳಿ. ದೊಡ್ಡ ದುರಸ್ತಿಗಾಗಿ ಘಟಕ ನಿಲ್ಲಿಸುವುದನ್ನು ಗಾಳಿ ಮತ್ತು ನೀರು ಹೇರಳವಾಗಿರುವ ಜುಲೈ–ಆಗಸ್ಟಿಗೆ ಇಟ್ಟುಕೊಂಡರೆ ಅಕ್ಟೋಬರ್‌ಗೆ ಪೂರ್ತಿ ಬಲ ಸಿಗುತ್ತದೆ.

ಕೊನೆಗೆ ನಿಮ್ಮ ಕೊಟೇಶನ್. ಬಿಲ್ಲು ಉಳಿಸಲೆಂದು ದೊಡ್ಡ ಬ್ಯಾಟರಿ ಬೇಡ. ನೆಟ್ ಮೀಟರ್ ಇರುವವರೆಗೆ ಗ್ರಿಡ್ಡೇ ನಿಮ್ಮ ಬ್ಯಾಟರಿ. ಹೊತ್ತಿಗೆ ತಕ್ಕಂತೆ ದರ ಬದಲಾಗುವ ಮೀಟರ್ ಬಂದರೆ ಲೆಕ್ಕ ಬೇರೆಯಾಗುತ್ತದೆ, ಆಗ ಹೊಸದಾಗಿ ಕೂಡಿಸಿ ನೋಡಿ. ಅದಕ್ಕೆ ಮೊದಲು ಖರ್ಚಿಲ್ಲದ ಕೆಲಸ ಮಾಡಿ: ಮೇಲಿನ ಟ್ಯಾಂಕಿಗೆ ನೀರೇರಿಸುವುದನ್ನು ಬೆಳಿಗ್ಗೆ 6 ಮತ್ತು ಸಂಜೆ 7ರಿಂದ 11–2ರ ನಡುವೆ ತನ್ನಿ. ನಿಮ್ಮಲ್ಲಿ ದಿನಕ್ಕೆ 1.2 ಲಕ್ಷ ಲೀಟರ್ ನೀರು 40 ಮೀಟರ್ ಏರುತ್ತದೆ ಎಂದರೆ ಪಂಪಿನ ನಷ್ಟವೂ ಸೇರಿ 30 ಯೂನಿಟ್. ಮೇಲಿನ ಟ್ಯಾಂಕು ಮಧ್ಯಾಹ್ನದಿಂದ ಮರುದಿನ ಬೆಳಗಿನ ಸ್ನಾನದವರೆಗೆ ಸಾಕಾಗುತ್ತದೆಯೇ ಎಂದು ಮೊದಲು ಅಳೆಯಿರಿ; ಸಾಲದಿದ್ದರೆ ಅರ್ಧವನ್ನಾದರೂ ಸರಿಸಿ. ಟೈಮರ್ ಜೊತೆಗೆ ಕೆಳಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕಿಸಿ, ಇಲ್ಲವಾದರೆ ನಗರಪಾಲಿಕೆಯ ನೀರು ಬಾರದ ದಿನ ಪಂಪು ಒಣಗಿ ಓಡಿ ಸುಡುತ್ತದೆ. ಕೊಳಚೆ ಶುದ್ಧೀಕರಣದ ಘಟಕವಿದ್ದರೆ ಅದರ ಬ್ಲೋವರನ್ನು ಮಾತ್ರ ಹೀಗೆ ಸರಿಸಬೇಡಿ. ಗಾಳಿ ಹಲವು ಗಂಟೆ ನಿಂತರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಾತ ಏಳುತ್ತದೆ. ಟೆರೇಸಿನಲ್ಲಿ ಮಳೆಗಾಲಕ್ಕೆ ಮುಂಚೆ ಡಿಸಿ ಸ್ವಿಚ್ಚಿನ ಪೆಟ್ಟಿಗೆಗಳಿಗೆ ನೀರು ನುಗ್ಗುತ್ತದೆಯೇ, ಎರಡು ಬೇರೆ ಕಂಪನಿಯ ಕನೆಕ್ಟರುಗಳನ್ನು ಜೋಡಿಸಿದ್ದಾರೆಯೇ ಎಂದು ನೋಡಿಸಿ. ಬೆಂಕಿ ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ. ಪಾರಿವಾಳದ ಹಿಕ್ಕೆ ಒಣಗಲು ಬಿಡಬೇಡಿ, ಅದರ ಕೆಳಗಿನ ಕೋಶ ಕಾದು ಸುಟ್ಟುಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ.

ಕರೆಂಟು ಹೋದಾಗ ಒಂದು ಲಿಫ್ಟು, ಮೆಟ್ಟಿಲ ದೀಪ ನಡೆಯಲಿ ಎಂಬುದಷ್ಟೇ ಉದ್ದೇಶವಾಗಿದ್ದರೆ 30–40 ಯೂನಿಟ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮತ್ತು ಸೋಲಾರ್, ಬ್ಯಾಟರಿ ಎರಡನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರ್ ಸಾಕು. ಲಿಫ್ಟಿಗೆ ಮೋಟಾರಿನ ವೇಗವನ್ನು ಮೆಲ್ಲಗೆ ಏರಿಸುವ ವಿಎಫ್‌ಡಿ ಡ್ರೈವ್ ಇದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ಮೋಟಾರು ಎದ್ದೇಳುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಸಣ್ಣ ಇನ್ವರ್ಟರ್ ಪ್ರತಿ ಸಲವೂ ಟ್ರಿಪ್ ಆಗುತ್ತದೆ. ಬ್ಯಾಟರಿಯನ್ನು ಮೆಟ್ಟಿಲ ಕೆಳಗೆ, ಲಿಫ್ಟಿನ ಯಂತ್ರದ ಕೋಣೆಯಲ್ಲಿ ಇಡಿಸಬೇಡಿ. ಬೇಸ್‌ಮೆಂಟೂ ಬೇಡ; 2005ರ ಜುಲೈ 26ರಂದು ನಿಮ್ಮ ಭಾಗದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂದು ಹಳಬರನ್ನು ಕೇಳಿ, ಅದಕ್ಕಿಂತ ಎರಡು ಅಡಿ ಎತ್ತರದ ಕಟ್ಟೆಯ ಮೇಲೆ, ಗಾಳಿಯಾಡುವ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ.